ಹೊಲಿಗೆ ಟೀಚರ ನಿಬ್ಬಿನ ಡಬ್ಬಿ

ನಮ್ಮ ಶಾಲೆಯ ಹೊಲಿಗೆ ಟೀಚರು ನಿವೃತ್ತರಾಗಿ ಆರು ತಿಂಗಳಾಯಿತು. ಅವರ ಮೇಲೆ ನನಗಿದ್ದ ಹೊಟ್ಟೆಕಿಚ್ಚೂ ಅವರ ಜೊತೆಗೇ ನಿವೃತ್ತವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರು ಕೂರುತ್ತಿದ್ದ ಕಿಟಕಿ ಪಕ್ಕದ ಜಾಗದಲ್ಲಿ ಈಗ ಪ್ರಿಂಟರ್ ಇಟ್ಟಿದ್ದಾರೆ. ಹೊಲಿಗೆ ಕಲಿಸಲು ಬೇರೆ ಯಾರೂ ಬರಲಿಲ್ಲ, ಬರುವುದೂ ಇಲ್ಲವಂತೆ. ಆ ಪ್ರಿಂಟರನ್ನು ನೋಡಿದಾಗಲೆಲ್ಲ ಅವರ ನೆನಪಾಗುತ್ತದೆ. ನೆನಪಾದ ಕೂಡಲೇ ಎದೆಯ ಕೆಳಗೆ ಸಣ್ಣಗೆ ಉರಿಯುತ್ತದೆ. ಡಾಕ್ಟರು ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟಿದ್ದಾರೆ. ಅದು ಗ್ಯಾಸ್ಟ್ರಿಕ್ ಅಲ್ಲ ಅನ್ನುವುದು ನನಗೆ ಗೊತ್ತು.

ನಾನು ಕನ್ನಡ ಟೀಚರು. ತುರುವೇಕೆರೆಗೂ ದಬ್ಬೇಘಟ್ಟಕ್ಕೂ ನಡುವಿನ ಒಂದು ಊರಿನ ಅನುದಾನಿತ ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷದಿಂದ ಇದ್ದೇನೆ. ಅವರು ನನಗಿಂತ ಎಂಟು ವರ್ಷ ತಡವಾಗಿ ಸೇರಿದರು, ಆದರೆ ವಯಸ್ಸಿನಲ್ಲಿ ದೊಡ್ಡವರು. ಮನೆ ತಿಪಟೂರಿನಲ್ಲಿ. ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ತುರುವೇಕೆರೆಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಬರುತ್ತಿದ್ದರು. ಆದರೂ ಪ್ರಾರ್ಥನೆಯ ಗಂಟೆಗೆ ಕಾಲು ಗಂಟೆ ಮುಂಚೆ ಅವರ ಚಪ್ಪಲಿ ಬಾಗಿಲ ಪಕ್ಕ ಜೋಡಿಯಾಗಿ ನಿಂತಿರುತ್ತಿತ್ತು. ಗಂಜಿ ಹಾಕಿದ ಕಾಟನ್ ಸೀರೆ. ಭುಜದ ಮೇಲೆ ಸೆರಗಿಗೆ ಪಿನ್ನಿನ ಪಕ್ಕದಲ್ಲೇ ದಾರ ಪೋಣಿಸಿದ ಒಂದು ಸೂಜಿ ಚುಚ್ಚಿಕೊಂಡಿರುತ್ತಿದ್ದರು. ಬಸ್ಸಿನಲ್ಲಿ ಯಾರ ಬ್ಯಾಗಿನ ಹಿಡಿ ಕಿತ್ತುಹೋದರೂ ಇಳಿಯುವಷ್ಟರಲ್ಲಿ ಹೊಲಿದು ಕೊಡುತ್ತಿದ್ದರಂತೆ. ಇದನ್ನು ಹೇಳಿದವರು ಕಂಡಕ್ಟರು, ಅವರಾಗಿ ಹೇಳಿಕೊಂಡವರಲ್ಲ. ಅದೂ ನನಗೆ ಸಹಿಸಲಾಗುತ್ತಿರಲಿಲ್ಲ.

ಇಷ್ಟರಲ್ಲೇ ಇದ್ದಿದ್ದರೆ ನನ್ನ ಪಾಡಿಗೆ ನಾನಿರುತ್ತಿದ್ದೆ. ಹೊಲಿಗೆ ಅವರದು, ಕನ್ನಡ ನನ್ನದು. ಆದರೆ ಅವರ ಕೈಚೀಲದಲ್ಲಿ ಊಟದ ಡಬ್ಬಿಯ ಜೊತೆಗೆ ಇನ್ನೊಂದು ಡಬ್ಬಿ ಇರುತ್ತಿತ್ತು, ಕೊಬ್ಬರಿ ಮಿಠಾಯಿಯ ಹಳೆಯ ತಗಡಿನ ಡಬ್ಬಿ. ಅದರೊಳಗೆ ಇಂಕ್ ಪೆನ್ನಿನ ನಿಬ್ಬುಗಳು, ಕ್ಯಾಪುಗಳು, ಮುರಿದ ಪೆನ್ನುಗಳ ಮೈ, ಕೈ, ಕಾಲು ಎಲ್ಲ. ನಿಬ್ಬಿನ ಕೆಳಗೆ ಅಂಟಿಕೊಂಡು ಶಾಯಿ ಹೊರುವ ಕಪ್ಪು ಕಡ್ಡಿಗೆ ಅವರು ನಾಲಿಗೆ ಅನ್ನುತ್ತಿದ್ದರು. ಬೆರಳಿನಲ್ಲಿ ಹಿಡಿಯುವ ಭಾಗಕ್ಕೆ ಕತ್ತು. ಅವುಗಳ ಜೊತೆ ಒಂದು ಉಂಡೆ ಜೇನುಮೇಣ, ಬಿಳಿ ದಾರದ ಉರುಳೆ, ಅಂಗೈಯಷ್ಟು ಸೈಕಲ್ ಟ್ಯೂಬಿನ ತುಂಡು. ಇಷ್ಟೇ ಅವರ ಆಯುಧ.

ಮೊದಲು ಅದು ಹೊರಬಿದ್ದದ್ದು ಆಗಿನ ಹೆಡ್‌ಮಾಸ್ಟ್ರ ಜೇಬು ನೀಲಿಯಾದ ದಿನ. ಪೆನ್ನು ಸೋರಿ ಬಿಳಿ ಷರಟಿನ ಮೇಲೆ ಹೃದಯದ ಜಾಗದಲ್ಲಿ ರೂಪಾಯಿ ಅಗಲದ ಕಲೆ. ಅವರು ಪೆನ್ನನ್ನು ಕಸದ ಬುಟ್ಟಿಗೆ ಎಸೆಯಲು ಕೈ ಎತ್ತಿದ್ದರು.

"ಸಾರ್ ಸಾರ್, ತಡೀರಿ. ಅದ್ರ ಪ್ರಾಣ ಹೋಗಿಲ್ಲ, ಕೊಡಿ ಇಲ್ಲಿ," ಅಂದರು ಹೊಲಿಗೆ ಟೀಚರು.

"ಹೋಗದಿದ್ರೆ ನನ್ನ ಪ್ರಾಣ ತೆಗೀತದೆ ಕಣಮ್ಮ. ಮನೇಲಿ ಷರ್ಟು ಒಗೆಯೋರಿಗೆ ಏನು ಹೇಳ್ಲಿ?"

ಅವರು ಕತ್ತನ್ನು ತಿರುಗಿಸಿ ಬಿಚ್ಚಿದರು. ದಾರಕ್ಕೆ ಮೇಣ ಸವರಿದರು. ಕತ್ತಿನ ತಿರುಪಿನ ಗೆರೆಗಳ ಮೇಲೆ ಎರಡೇ ಸುತ್ತು ದಾರ ಸುತ್ತಿ, ಮತ್ತೆ ತಿರುಗಿಸಿ ಬಿಗಿ ಮಾಡಿದರು. ಬೇರೊಂದು ಪೆನ್ನಿನ ಕ್ಯಾಪು ಹುಡುಕಿ ಹಾಕಿದರು. ಆ ಪೆನ್ನು ಆಮೇಲೆ ಒಂದು ಹನಿ ಸೋರಲಿಲ್ಲ. ಹೆಡ್‌ಮಾಸ್ಟ್ರು ಅದರಲ್ಲೇ ಸಹಿ ಮಾಡಿಕೊಂಡು, ಬಂದವರಿಗೆಲ್ಲ ತೋರಿಸಿಕೊಂಡು, ಕಾಲ ಕಳೆದರು. ಮೈ ಕಪ್ಪು, ಕ್ಯಾಪು ಹಸಿರು.

"ಇದೇನು ಟೀಚರ್, ಕಲಬೆರಕೆ ಪೆನ್ನು?" ಅಂತ ನಾನು ನಗುತ್ತಲೇ ಕುಟುಕಿದ್ದೆ.

"ಕಲಬೆರಕೆನೇ ಮೇಡಂ," ಅಂದರು ಅವರೂ ನಗುತ್ತ. "ನಿನ್ನೆ ನೀವು ತಂದಿದ್ರಲ್ಲ ಬಿಸಿಬೇಳೆ ಬಾತು, ಅದೂ ಕಲಬೆರಕೆನೇ. ಎರಡು ಸಲ ಹಾಕಿಸ್ಕೊಂಡೆ ನಾನು."

ಅವರ ತಂದೆ ತಿಪಟೂರಿನಲ್ಲಿ ಸ್ಕೂಟರ್ ಮೆಕ್ಯಾನಿಕ್ ಆಗಿದ್ದವರು. ಗುಜರಿಯಿಂದ ಮೂರು ಸತ್ತ ಗಾಡಿ ತಂದು ಒಂದನ್ನು ಬದುಕಿಸುತ್ತಿದ್ದರಂತೆ. "ನಮ್ಮ ಅಬ್ಬಾ ಗಾಡಿ ಬಿಚ್ಚೋವಾಗ ನಟ್ಟು ಹಿಡ್ಕೊಂಡು ಕೂತಿರ್ತಿದ್ದೆ ಮೇಡಂ. ಗಂಡುಮಕ್ಕಳು ಇರ್ಲಿಲ್ಲ, ನಾನೇ ಪಾನಾ ಎತ್ತಿಕೊಡ್ತಿದ್ದೆ. ಅಮ್ಮಿ ಬೈದು ಬೈದು ಹೊಲಿಗೆ ಕ್ಲಾಸಿಗೆ ಹಾಕಿದ್ರು. ಅಲ್ಲೂ ಮಿಷನ್ನೇ ಬಿಚ್ಕೊಂಡು ಕೂತೆ," ಅನ್ನುತ್ತಿದ್ದರು. ಡಬ್ಬಿಯಲ್ಲಿದ್ದ ಒಂದೊಂದು ಚೂರೂ ಯಾರದು ಎಂದು ಅವರಿಗೆ ನೆನಪಿರುತ್ತಿತ್ತು. ಇದು ಮಾಯಸಂದ್ರದ ಪೋಸ್ಟ್ ಮಾಸ್ಟರ ಕ್ಯಾಪು. ಇದು ಸೊಸೈಟಿ ಸೆಕ್ರೆಟರಿಯ ಕತ್ತು. ಕೊಟ್ಟವರು ಮರೆತಿದ್ದರೂ ಅವರು ಮರೆಯುತ್ತಿರಲಿಲ್ಲ.

ಅವರು ಕೆಲಸ ಮಾಡುತ್ತಿದ್ದ ರೀತಿಯನ್ನು ನಾನು ಓರೆಗಣ್ಣಿನಲ್ಲಿ ವರ್ಷಗಟ್ಟಲೆ ನೋಡಿದ್ದೇನೆ. ಯಾರಾದರೂ ಪೆನ್ನು ತಂದರೆ ಮೊದಲು ಪೆನ್ನು ಮುಟ್ಟುತ್ತಿರಲಿಲ್ಲ. ಒಂದು ಹಾಳೆ ಕೊಟ್ಟು, "ಬೆಳಿಗ್ಗೆ ಏನು ತಿಂದ್ರಿ, ಬರೀರಿ," ಅನ್ನುತ್ತಿದ್ದರು. ಹೆಸರು ಬರೆ ಅಂದರೆ ಜನ ಸಹಿಯ ಠೀವಿ ಮಾಡುತ್ತಾರೆ, ಶ್ರೀಕಾರ ಹಾಕು ಅಂದರೆ ಭಕ್ತಿ ಮಾಡುತ್ತಾರೆ, ತಿಂದದ್ದನ್ನು ಬರೆಯುವಾಗ ಮಾತ್ರ ಕೈ ಇದ್ದಹಾಗೆ ಇರುತ್ತದೆ ಅನ್ನುವುದು ಅವರ ಲೆಕ್ಕ. ಬರೆಯುವಾಗ ಹಾಳೆಯನ್ನು ನೋಡುತ್ತಿರಲಿಲ್ಲ. ಬೆರಳು ನೋಡುತ್ತಿದ್ದರು, ಮಣಿಕಟ್ಟು ನೋಡುತ್ತಿದ್ದರು. ಆಮೇಲೆ ಡಬ್ಬಿಯಿಂದ ಒಂದು ನಿಬ್ಬು ಆರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಪೆನ್ನಿನ ಕತ್ತು ನೆನೆಸಿ, ಟ್ಯೂಬಿನ ತುಂಡಿನಿಂದ ನಿಬ್ಬನ್ನೂ ನಾಲಿಗೆಯನ್ನೂ ಒಟ್ಟಿಗೆ ಹಿಡಿದು ನೆಟ್ಟಗೆ ಎಳೆಯುತ್ತಿದ್ದರು. ಒಂಚೂರು ಸೊಟ್ಟ ಎಳೆದರೂ ಕೆಡುತ್ತದೆ. ಹೊಸ ನಿಬ್ಬು ಕೂರಿಸಿ, ಪುಸ್ತಕಕ್ಕೆ ಹಾಕುವ ಕಂದು ಕಾಗದದ ಮೇಲೆ ಸೊನ್ನೆ ಸುತ್ತಿ ಸುತ್ತಿ ನುಣುಪು ಮಾಡಿ ಕೈಗಿಡುತ್ತಿದ್ದರು.

ಪಿ.ಟಿ. ಮೇಷ್ಟ್ರು ಒತ್ತಿ ಬರೆದು ಹಾಳೆ ಹರಿಯುತ್ತಿದ್ದವರು. ಅವರಿಗೆ ದಪ್ಪ, ಗಟ್ಟಿ ನಿಬ್ಬು. ಎಡಗೈಯಲ್ಲಿ ಬರೆಯುವ ಗಣಿತದವರಿಗೆ ಮೂತಿ ಓರೆಯಾದದ್ದು. ಅಟೆಂಡರ್‌ಗೂ ಒಂದು. ವರ್ಷ ಎರಡಾಗುವಷ್ಟರಲ್ಲಿ ಸ್ಟಾಫ್ ರೂಮಿನಲ್ಲಿ ಅವರ ಕೈಯಿಂದ ಪೆನ್ನು ಮಾಡಿಸಿಕೊಳ್ಳದವಳು ನಾನೊಬ್ಬಳೇ. ನನ್ನ ಪೆನ್ನು ಮೊದಲ ಸಂಬಳದ ತಿಂಗಳು ತುರುವೇಕೆರೆಯಲ್ಲಿ ಕೊಂಡದ್ದು. ಹುಟ್ಟಿದಾಗಿನ ಕ್ಯಾಪು, ಹುಟ್ಟಿದಾಗಿನ ನಿಬ್ಬು. ಹಾಜರಿ, ಪಾಠ ಯೋಜನೆ, ಮನೆಯ ದಿನಚರಿ ಎಲ್ಲ ಅದರಲ್ಲೇ. ಹಾಲು ಎಷ್ಟು ತಂದೆವು, ಯಾವ ಮರದಿಂದ ಕಾಯಿ ಇಳಿಸಿದರು, ಯಾರು ಬಂದು ಊಟ ಮಾಡಿದರು ಎಂದು ದಿನಾ ಒಂದು ಪುಟ ಬರೆಯುವ ಅಭ್ಯಾಸ ನನಗೆ. ನನಗೂ ಒಂದು ಪೆನ್ನು ಮಾಡಿಕೊಡಿ ಎಂದು ಕೇಳಲು ಮನಸ್ಸಿತ್ತು, ನಾಲಿಗೆ ಏಳಲಿಲ್ಲ. ಅವರೂ ತಾವಾಗಿ ಕೇಳಲಿಲ್ಲ. ಅದು ಇನ್ನೂ ಉರಿ.

ಆದರೆ ಬಿನ್ನವತ್ತಳೆ ನನ್ನದಾಗಿತ್ತು. ನಮ್ಮಲ್ಲಿ ಯಾರು ನಿವೃತ್ತರಾದರೂ ಹೂವಿನ ಹಾರ, ಶಾಲು, ಹಣ್ಣಿನ ತಟ್ಟೆ ಜೊತೆಗೆ ಗಾಜು ಹಾಕಿಸಿದ ಬಿನ್ನವತ್ತಳೆ ಕೊಡಲೇಬೇಕು. ಮಾತೂ ನನ್ನದೇ, ಅಕ್ಷರವೂ ನನ್ನದೇ. ಸುತ್ತಲ ಊರುಗಳ ಎಷ್ಟೋ ಮನೆಗಳ ಗೋಡೆಯ ಮೇಲೆ ನನ್ನ ಅಕ್ಷರ ತೂಗುತ್ತಿದೆ. ನಾನು ಈ ಶಾಲೆಯಲ್ಲಿ ಯಾರು ಎಂದು ಕೇಳಿದರೆ ನನಗೆ ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಆ ಹೆಡ್‌ಮಾಸ್ಟ್ರು ನಿವೃತ್ತರಾಗುವ ಹೊತ್ತಿಗೆ ಅದಕ್ಕೂ ಕಲ್ಲು ಬಿತ್ತು. ಮೀಟಿಂಗಿನಲ್ಲಿ ಪಿ.ಟಿ. ಮೇಷ್ಟ್ರು ಚಕ್ಕುಲಿ ಕಡಿಯುತ್ತ, "ಈ ಸಲ ಮಾತು ಮೇಡಂದು, ಅಕ್ಷರ ಹೊಲಿಗೆ ಟೀಚರ್ದು. ದಪ್ಪ ನಿಬ್ಬಲ್ಲಿ ಬರೆಸಿದ್ರೆ ದೂರಕ್ಕೇ ಕಣ್ಣಿಗೆ ಹೊಡೀತದೆ, ಜೋಡಿ ಸಖತ್ತಾಗಿರ್ತದೆ ಬುಡಿ," ಅಂದರು. ಎಲ್ಲರೂ ಹೂಂಗುಟ್ಟಿದರು. ನಾನೂ "ಆಗಲಿ" ಅಂದೆ.

ಮನೆಗೆ ಬಂದು ಬರೆಯಲು ಕೂತೆ. ಎಂದೂ ಇಪ್ಪತ್ತು ಸಾಲು ದಾಟಿದವಳಲ್ಲ. ಆ ದಿನ ಮೂವತ್ತೆಂಟು ಸಾಲು ಬರೆದೆ. ಉದ್ದುದ್ದದ ಸಮಾಸಗಳು, ಒತ್ತಕ್ಷರಗಳು, ಸಾಲಿಗೊಂದು ವಿಶೇಷಣ. ಸುಳ್ಳೇಕೆ, ಹಾಳೆಯಲ್ಲಿ ಹಿಡಿಸಬಾರದು ಎಂದೇ ಬರೆದೆ.

ಮಾರನೆಯ ದಿನ ಅವರು ನನ್ನ ಹಾಳೆಯನ್ನೂ ಬಿನ್ನವತ್ತಳೆಯ ಹಾಳೆಯನ್ನೂ ಪಕ್ಕಪಕ್ಕ ಹಿಡಿದು ಬಂದರು. "ಮೇಡಂ, ಇದು ಮೂವತ್ತೆಂಟು ಸಾಲೈತೆ. ದಪ್ಪ ನಿಬ್ಬಲ್ಲಿ ಇಪ್ಪತ್ತೆರಡು ಹಿಡೀತದೆ ಅಷ್ಟೇ. ಒಂಚೂರು ಕಮ್ಮಿ ಮಾಡ್ತೀರಾ?"

"ಒಂದು ಪದ ತೆಗೆದರೂ ಅರ್ಥ ಕೆಡ್ತದೆ ಟೀಚರ್."

ಅವರು ಮತ್ತೊಮ್ಮೆ ಪೂರ್ತಿ ಓದಿದರು. "ನಿಜ ಕಣ್ರೀ. ಬಟ್ಟೆ ಚೆನ್ನಾಗಿದ್ರೆ ಕತ್ತರಿ ಹಾಕಬಾರ್ದು. ಹಂಗಾದ್ರೆ ನಿಬ್ಬೇ ಬದಲಾಗ್ಬೇಕು. ನಿಮ್ಮ ಪೆನ್ನಿನ ನಿಬ್ಬು ಒಂದೇ ಒಂದು ದಿನ ಕೊಡ್ತೀರಾ? ಅಷ್ಟು ಸಣ್ಣ, ಅಷ್ಟು ನುಣ್ಣಗಿರೋದು ನನ್ನ ಡಬ್ಬೀಲಿಲ್ಲ."

"ಪೆನ್ನು ಮನೇಲಿ ಬಿಟ್ಟು ಬಂದಿದೀನಿ," ಅಂದೆ.

ಪೆನ್ನು ನನ್ನ ಬ್ಯಾಗಿನ ಹೊರಜೇಬಿನಲ್ಲಿತ್ತು. ಕ್ಯಾಪು ಎರಡು ಬೆರಳಷ್ಟು ಹೊರಗೆ ಇಣುಕುತ್ತಿತ್ತು. ಅವರು ಕ್ಯಾಪನ್ನು ನೋಡಿದರು, ನನ್ನ ಮುಖ ನೋಡಿದರು. "ಹೋಗ್ಲಿ ಬುಡಿ ಮೇಡಂ," ಅಂದು ಹೋದರು.

ಅವರು ಅಟೆಂಡರ್ ಪೆನ್ನಿನ ನಿಬ್ಬು ಕಿತ್ತು, ಬೇರೆ ನಾಲಿಗೆ ಕೂರಿಸಿ, ನಾಲ್ಕು ದಿನ ಬಿಡುವಿನಲ್ಲೆಲ್ಲ ಕಂದು ಕಾಗದದ ಮೇಲೆ ತಿಕ್ಕಿದರು. ಮೂವತ್ತೆಂಟು ಸಾಲೂ ಹಿಡಿಸಿತು. ಸುತ್ತ ಬಳ್ಳಿ ಬಿಡಿಸಲು ಜಾಗವೂ ಉಳಿಯಿತು. ಸಮಾರಂಭದ ದಿನ ಜನ ಮೊಬೈಲ್ ಎತ್ತಿ ಅದರ ಫೋಟೋ ತೆಗೆದದ್ದೇ ತೆಗೆದದ್ದು. "ಏನ್ ಅಕ್ಷರ ಕಣ್ರೀ, ಹೊಲಿಗೆ ಹಾಕ್ದಂಗದೆ!" ಮಾತು ಯಾರದು ಎಂದು ಒಬ್ಬರೂ ಕೇಳಲಿಲ್ಲ. ನನ್ನ ಒತ್ತಕ್ಷರಗಳು ಇದ್ದದ್ದರಿಂದಲೇ ಅದು ಅಷ್ಟು ಚೆನ್ನಾಗಿ ಕಂಡಿತು. ಅವರನ್ನು ಕೆಡವಲು ನಾನು ಹಾಸಿದ್ದರ ಮೇಲೆ ಅವರು ಕುಣಿದು ಹೋದರು.

ಆಮೇಲಿನ ಭಾನುವಾರ ನಾನೊಂದು ಕೆಲಸ ಮಾಡಿದೆ. ಅಂಗಡಿಯಿಂದ ಎರಡು ಅಗ್ಗದ ಇಂಕ್ ಪೆನ್ನು ತಂದು, ಬಚ್ಚಲಮನೆ ಬಾಗಿಲು ಹಾಕಿಕೊಂಡು, ಹಂಡೆಯ ನೀರಿನಲ್ಲಿ ನೆನೆಸಿ ಎಳೆದೆ. ಇಷ್ಟು ವರ್ಷ ನೋಡಿದ್ದೇನಲ್ಲ, ಏನು ಮಹಾ ವಿದ್ಯೆ ಎಂದು. ಒಂದರ ನಿಬ್ಬು ಸೊಟ್ಟಗಾಗಿ ಮೂತಿಯ ಎರಡು ಕೊನೆ ಒಂದರ ಮೇಲೊಂದು ಹತ್ತಿದವು. ಇನ್ನೊಂದರ ಕತ್ತೇ ಸೀಳಿತು. ಎರಡನ್ನೂ ಉರಿಯುತ್ತಿದ್ದ ತೆಂಗಿನ ಮಟ್ಟೆಯ ಒಲೆಗೆ ತುರುಕಿದೆ.

"ಏನೇ ಅದು, ಪ್ಲಾಸ್ಟಿಕ್ ಸುಟ್ಟಂಗೆ ವಾಸ್ನೆ?" ಅಂತ ಹೊರಗಿನಿಂದ ಯಜಮಾನರು ಕೂಗಿದರು.

"ಸೋಪಿನ ಕವರು ಕಣ್ರೀ!" ಅಂದೆ. ಕೈಯೆಲ್ಲ ನೀಲಿ. ಮೂರು ದಿನ ಸೆರಗಿನಲ್ಲಿ ಬೆರಳು ಮುಚ್ಚಿಕೊಂಡು ಪಾಠ ಮಾಡಿದೆ. ಅವರು ನೋಡಿದರೋ ಇಲ್ಲವೋ, ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು, ಒಂದು ಜಗಳವಾದರೂ ಆಡಬಹುದಿತ್ತು.

ಅಲ್ಲಿಂದ ಮುಂದೆ ಎಲ್ಲ ಬಿನ್ನವತ್ತಳೆಗಳಿಗೂ ಅವರದೇ ಅಕ್ಷರ. ನಾನು ಒಂದನ್ನು ಮಾತ್ರ ಕಾದೆ: ಅವರದನ್ನು. ಅವರ ಬಿನ್ನವತ್ತಳೆಯನ್ನು ಅವರೇ ಬರೆಯುವಂತಿಲ್ಲವಲ್ಲ.

ಕೊನೆಗೆ ಅದು ಬಂತು. ನನ್ನ ಪೆನ್ನಿನಲ್ಲಿ, ನನ್ನ ಹುಟ್ಟು ನಿಬ್ಬಿನಲ್ಲಿ, ಹದಿನೆಂಟು ಸಾಲು ಬರೆದೆ. ಸಮಯಪಾಲನೆ ಬರೆದೆ, ಮಕ್ಕಳ ಪ್ರೀತಿ ಬರೆದೆ, ಹೊಲಿಗೆಯ ನೈಪುಣ್ಯ ಬರೆದೆ. ಪೆನ್ನಿನ ವಿಷಯ ಒಂದಕ್ಷರ ಬರೆಯಲಿಲ್ಲ. ವೇದಿಕೆಯ ಮೇಲೆ ನಾನೇ ಓದಿ, ನಾನೇ ಕೈಗೆ ಕೊಟ್ಟೆ. ಅವರು ಅದನ್ನು ಓದದೆ ಬೆಳಕಿಗೆ ಓರೆಯಾಗಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತ ನಿಂತರು. ಭಾವುಕರಾಗಿದ್ದಾರೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಹೋಳಿಗೆ ಊಟ ಮುಗಿದು ಸ್ಟಾಫ್ ರೂಮಿನಲ್ಲಿ ಇಬ್ಬರೇ ಉಳಿದೆವು. ಅವರು ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತರು.

"ಪೆನ್ನಿಂದು ಒಂದು ಮಾತೂ ಬರೀಲಿಲ್ಲ ನೀವು."

ನಾನು ತಟ್ಟೆಯಲ್ಲಿದ್ದ ಬಾಳೆಹಣ್ಣು ಸುಲಿಯತೊಡಗಿದೆ.

"ಬೇಜಾರಿಲ್ಲ ಬುಡಿ. ಕೈಗೆ ಕೊಟ್ಟಾಗ ನಾನು ಮಾತು ಓದ್ಲೇ ಇಲ್ಲ. ಗೆರೆ ನೋಡ್ತಿದ್ದೆ. ಮೇಡಂ, ನಾನು ಎಷ್ಟು ನಿಬ್ಬು ತಿಕ್ಕಿದೀನಿ ಈ ಕೈಯಲ್ಲಿ. ಅಂಥದ್ದೊಂದು ಆಗ್ಲಿಲ್ಲ. ಇಪ್ಪತ್ತೇಳು ವರ್ಷ ಒಂದೇ ಕೈ, ಒಂದೇ ಓರೆ, ದಿನಾ ಒಂದು ಪುಟ. ನೀವು ಸುಮ್ನೆ ಹಾಲಿನ ವಿಷ್ಯ ಬರ್ಕೊಂಡು ಕೂತಿದ್ದಂಗೇ ಅದು ತಾನಾಗೇ ಸವೆದು ಹಂಗಾಗೈತೆ. ನಂಗೆ ಆ ನಿಬ್ಬು ಮೇಲೆ ಎಷ್ಟು ಹೊಟ್ಟೆಕಿಚ್ಚು ಗೊತ್ತೇನ್ರೀ? ಅದಕ್ಕೇ ನಿಮಗೆ ಪೆನ್ನು ಮಾಡಿಕೊಡ್ಲಾ ಅಂತ ಒಂದು ದಿನಾನೂ ಕೇಳ್ಲಿಲ್ಲ. ಇನ್ನೊಂದು ನಿಬ್ಬು ಹಾಕಿದ್ರೆ ಪಾಪ ಸುತ್ಕೊಳ್ತಿತ್ತು."

ಹತ್ತೊಂಬತ್ತು ವರ್ಷ ನಾನು ಹೊತ್ತು ತಿರುಗಿದ ಮಾತು ಅವರ ಬಾಯಲ್ಲಿ! ಆ ಕ್ಷಣ ನನಗಾದ ಸಂತೋಷವನ್ನು ನಾನು ಯಾವ ಬಿನ್ನವತ್ತಳೆಯಲ್ಲೂ ಬರೆದಿಲ್ಲ. ಆ ಸಂತೋಷದಲ್ಲೇ ಎಡವಿದೆ. ಬ್ಯಾಗಿನಿಂದ ಪೆನ್ನು ತೆಗೆದು ಅವರ ಮುಂದಿಟ್ಟು, "ತಗೊಳ್ಳಿ, ನಿಮಗೇ ಇರಲಿ," ಅಂದೆ. ಗೆದ್ದವರು ಕೊಡುವ ಹಾಗೆ ಕೊಟ್ಟೆ.

"ಸುಮ್ನೆ ತಗೊಳ್ಳಲ್ಲ. ಬದಲಿಗೆ ಬದಲು," ಅಂದು ತಮ್ಮ ದಿನದ ಪೆನ್ನು ಹೊರತೆಗೆದರು. ಎರಡೂ ನಿಬ್ಬು ಒಂದೇ ಅಳತೆ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಊಟಕ್ಕೆ ಕಾಯಿಸಿದ್ದ ಬಿಸಿನೀರು ಲೋಟದಲ್ಲಿ ಉಳಿದಿತ್ತು. ಎರಡು ಕತ್ತನ್ನೂ ಒಟ್ಟಿಗೆ ಅದರಲ್ಲಿ ನಿಲ್ಲಿಸಿದರು. ನೀರಿನಲ್ಲಿ ನನ್ನ ನೀಲಿಯೂ ಅವರ ಕಪ್ಪೂ ಎಳೆಎಳೆಯಾಗಿ ಇಳಿದವು. ನೆಟ್ಟಗೆ ಎಳೆದರು. ಅವರದು ನನ್ನದಕ್ಕೆ, ನನ್ನದು ಅವರದಕ್ಕೆ. ಸಂಜೆಯ ಬಸ್ಸಿಗೆ ಹೊರಟು ಹೋದರು.

ಆರು ತಿಂಗಳಾಯಿತು. ಅವರ ನಿಬ್ಬು ನನಗೆ ಪಳಗಿಲ್ಲ. ಮೇಲೆ ಹೋಗುವಾಗ ಕರಕರ ಅನ್ನುತ್ತದೆ, ಇಳಿಯುವಾಗ ಹೆಚ್ಚು ಶಾಯಿ ಬಿಡುತ್ತದೆ. ದಿನಚರಿಯ ಪುಟಗಳನ್ನು ನೋಡಿದರೆ ಯಾರೋ ಅವಸರದಲ್ಲಿ ಓಡುತ್ತ ಬರೆದಂತಿದೆ. ಒತ್ತಿ ನೋಡಿದೆ, ಬೈದು ನೋಡಿದೆ, ಕಂದು ಕಾಗದದ ಮೇಲೆ ತಿಕ್ಕಿದೆ. ಬಾಗಲಿಲ್ಲ.

ಹೋದ ವಾರ ಅವರಿಂದ ಒಂದು ಕಾರ್ಡು ಬಂತು. ಫೋನಿದೆ, ಆದರೂ ಕಾರ್ಡು. "ಮೇಡಂ, ಕ್ಷೇಮ. ನಿಮ್ಮ ನಿಬ್ಬು ಮೊದಲು ಎರಡು ವಾರ ಮುನಿಸಿಕೊಂಡಿತ್ತು. ಎಷ್ಟು ಸಮಾಧಾನ ಮಾಡಿದರೂ ಕೇಳಲಿಲ್ಲ. ಆಮೇಲೆ ನಿಮ್ಮ ಕೈ ನೆನಪು ಮಾಡಿಕೊಂಡು, ಪೆನ್ನನ್ನು ನೀವು ಹಿಡಿಯುವ ಥರವೇ ಹಿಡಿದೆ. ತಕ್ಷಣ ಒಪ್ಪಿಕೊಂಡಿತು. ಈಗ ನನ್ನ ಅಕ್ಷರವೂ ನಿಮ್ಮ ಕಡೆಗೆ ವಾಲುತ್ತಿದೆ, ನೋಡಿ."

ನೋಡಿದೆ. ನನ್ನದೇ ಓರೆ. ನನ್ನದೇ ದುಂಡು, ಕೊಂಬು ಎಳೆಯುವ ಕಡೆ ನನ್ನದೇ ಸಣ್ಣ ಬಳುಕು. ಆದರೆ ನನಗಿಂತ ಚೆನ್ನಾಗಿ. ಇಪ್ಪತ್ತೇಳು ವರ್ಷ ನಾನು ಬರೆಯಲು ಹೊರಟಿದ್ದ ಅಕ್ಷರವನ್ನು ಅವರು ಆರು ತಿಂಗಳಲ್ಲಿ ಬರೆದುಬಿಟ್ಟಿದ್ದರು. ಅವರ ನಿಬ್ಬನ್ನು ಅವರ ಹಾಗೆ ಹಿಡಿದು ನೋಡಬೇಕೆಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಕಾರ್ಡು ಊಟದ ಮೇಜಿನ ಮೇಲೆ, ವಿಳಾಸ ಕೆಳಮುಖವಾಗಿ ಬಿದ್ದಿತ್ತು. ಯಜಮಾನರು ಕೊಬ್ಬರಿ ಒಡೆದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಬಂದು, ಕನ್ನಡಕ ಇಲ್ಲದ ಕಣ್ಣಿನಲ್ಲಿ ಅದರ ಮೇಲೆ ಬಾಗಿದರು.

"ಏನೇ, ನಿನ್ನ ಅಕ್ಷರ ಈಚೆಗೆ ಇಷ್ಟು ಚೆನ್ನಾಗ್ಬಿಟ್ಟದೆ! ಮೊದಲು ಹಿಂಗಿರ್ಲಿಲ್ಲ ಕಣೇ."

ನಾನು ಅವರಿಗೆ ಅನ್ನ ಬಡಿಸುತ್ತಿದ್ದೆ. ಒಂದು ಸೌಟು ಹೆಚ್ಚಿಗೇ ಹಾಕಿದೆ.

"ಹೂಂ ಕಣ್ರೀ, ಹೊಸ ನಿಬ್ಬು ಹಾಕ್ಸಿದೀನಿ," ಅಂದೆ.